ಕಲ್ಲಮ್ಮನ ಮಾತು ಕೇಳಿದ ಶಿವ

ಮೈಕ್‌ಸೆಟ್ ಷಣ್ಮುಖಪ್ಪನಿಗೆ ನಾಚಿಕೆ ಅನ್ನುವುದೇ ಇಲ್ಲ ಎಂದು ನ್ಯಾಮತಿ ಪೇಟೆಯಲ್ಲಿ ಹೇಳುತ್ತಿದ್ದರು. ಹಾಗೆ ಹೇಳುವವರ ಮನೆಯ ಮದುವೆಗೂ ಅವನದೇ ಮೈಕ್ ಬೇಕಿತ್ತು, ಆ ಮಾತು ಬೇರೆ. ಬೀಗರು ಇನ್ನೂ ಚಾಪೆ ಬಿಟ್ಟು ಎದ್ದಿರುವುದಿಲ್ಲ, ಇವನು ತೆಂಗಿನ ಮರಕ್ಕೆ ಹಾರ್ನ್ ಬಿಗಿದು “ಹಲೋ, ಹಲೋ, ಮೈಕ್ ಟೆಸ್ಟಿಂಗ್” ಎಂದು ಊರು ಎಬ್ಬಿಸಬೇಕು. ಅಂಥ ಕಸುಬಿನವನು ನಾಚುತ್ತಾ ಕೂತರೆ ಹೊಟ್ಟೆಗೇನು ತಿನ್ನುತ್ತಾನೆ? ಗೋವಿನಕೋವಿಯಿಂದ ಹಿಡಿದು ಚನ್ನಗಿರಿ ಕಡೆಯ ನಲ್ಲೂರು, ತ್ಯಾವಣಿಗೆವರೆಗೆ ಅವನ ಹಾರ್ನು ಕೂಗದ ಲಗ್ನ ಕಡಿಮೆ. ಇದು ಎಂಬತ್ತೆರಡನೇ ಇಸವಿಯ ಮಾತು. ಟೀವಿ ಎಂಬುದರ ಹೆಸರು ಕೇಳಿದ್ದೆವೇ ಹೊರತು ನಮ್ಮ ಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ವೈರು, ವಾಲ್ವು, ಬ್ಯಾಟರಿ ಬಲ್ಲವನೆಂದರೆ ಅವನೊಬ್ಬನೇ, ಮತ್ತು ಆ ಹೆಮ್ಮೆ ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಅವನಿಗೆ ತಾಯಿ ಎಂದರೆ ದೊಡ್ಡಮ್ಮ ಕಲ್ಲಮ್ಮ. ಹೆತ್ತವಳು ಬಾಣಂತನದಲ್ಲೇ ತೀರಿಕೊಂಡಳು. ಮಕ್ಕಳಿಲ್ಲದ ಕಲ್ಲಮ್ಮ ಎತ್ತಿ ಸಾಕಿದಳು, ಬೈದು ಓದಿಸಿದಳು, ಪ್ರೇಮಮ್ಮನನ್ನು ಹುಡುಕಿ ತಂದು ಮದುವೆ ಮಾಡಿದಳು. ಎಪ್ಪತ್ತು ದಾಟಿದ ಮೇಲೆ ಒಂದು ದಿನ, “ನಿನ್ನ ರೆಕಾರ್ಡಿನ ಗದ್ದಲಕ್ಕೆ ನನ್ನ ತಲೆ ಒಡೆದು ಹೋಗೈತೆ ಕಣೋ, ನಾನು ಬ್ಯಾರೆ ಇರ್ತೀನಿ” ಎಂದು ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ ಹಿಡಿದು ಕೂತಳು. ಎಷ್ಟು ಅಂಗಲಾಚಿದರೂ ಬರಲಿಲ್ಲ. ಸೊಸೆಯೇ ಹೊರಗೆ ಹಾಕಿದಳು ಎಂದು ಓಣಿ ತೀರ್ಮಾನ ಮಾಡಿತು. ತಾನು ಏನು ತಪ್ಪು ಮಾಡಿದೆ ಎಂದು ಪ್ರೇಮಮ್ಮ ಎರಡು ವರ್ಷ ತಲೆ ಕೆಡಿಸಿಕೊಂಡಳು, ಅವಳಿಗೆ ಗೊತ್ತಾಗಲಿಲ್ಲ.

ಆ ವರ್ಷ ಶಿವರಾತ್ರಿ ಕಳೆದ ಮೇಲೆ, ಷಣ್ಮುಖಪ್ಪ ಗೋವಿನಕೋವಿಯ ಮದುವೆಯಲ್ಲಿ ಹಾಡು ಹಾಕುತ್ತಿದ್ದ ಹೊತ್ತಿನಲ್ಲಿ, ಕಲ್ಲಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಕೂಗಿ ಕೂಗಿ ಗಂಟಲು ಕಟ್ಟಿತು. ಓಣಿಯ ತುದಿಯ ಮನೆಯ ಅನ್ನಪೂರ್ಣಮ್ಮ ಜರಡಿ ವಾಪಸು ಕೊಡಲು ಮಧ್ಯಾಹ್ನ ಬಂದವಳು ನೋಡಿ, ಎತ್ತಿ ಕೂರಿಸಿ, ಒಣ ಸೀರೆ ಉಡಿಸಿ, ಜನ ಕೂಡಿಸಿ ಹೊನ್ನಾಳಿ ಆಸ್ಪತ್ರೆಗೆ ಸಾಗಿಸಿದಳು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ.

ಮಾರನೇ ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಷಣ್ಮುಖಪ್ಪ ಚಾ ಕುಡಿಯುತ್ತಿದ್ದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹೋಟೆಲ್ ಮಾಲೀಕ ಮಲ್ಲೇಶಪ್ಪ ನಾಲ್ಕು ಜನಕ್ಕೆ ಕೇಳುವಂತೆ ಅಂದ:

“ಅಲ್ಲೋ ಷಣ್ಮುಖ, ನೀನು ಸುತ್ತ ಹತ್ತೂರಿಗೆ ಕೇಳಂಗೆ ಕೂಗಿಸ್ತೀಯ. ನಿಮ್ಮ ದೊಡ್ಡಮ್ಮ ಕೂಗಿದ್ದು ನಿಂಗೇ ಕೇಳ್ಲಿಲ್ಲಲ್ಲೋ!”

ಹೋಟೆಲಿಗೆ ಹೋಟೆಲೇ ನಕ್ಕಿತು. ಷಣ್ಮುಖಪ್ಪ ಅರ್ಧ ಚಾ ಬಿಟ್ಟು ಎದ್ದ. ಆ ನಗು ಅವನನ್ನು ಎಷ್ಟು ಕಚ್ಚಿತೆಂದರೆ, ಆ ವಾರ ಒಪ್ಪಿಕೊಂಡಿದ್ದ ಎರಡು ಮದುವೆಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲೇ ಕೂತು ಬೆಸುಗೆ ಹಾಕತೊಡಗಿದ. ದೊಡ್ಡಮ್ಮನ ಮೇಲಿನ ಪ್ರೀತಿ ಇರಲಿಲ್ಲ ಎನ್ನುತ್ತಿಲ್ಲ. ಪ್ರೀತಿಯೂ ಇತ್ತು, ಮಲ್ಲೇಶಪ್ಪನ ಬಾಯಿ ಮುಚ್ಚಿಸುವ ಹಟವೂ ಇತ್ತು. ಯಾವುದು ಎಷ್ಟು ಎಂದು ಅವನಿಗೇ ಗೊತ್ತಿರಲಿಲ್ಲ.

ಮಾಡಿದ್ದಿಷ್ಟು. ಮದುವೆಗೆ ಕೊಡುವ ಮೈಕುಗಳಲ್ಲಿ ಒಂದನ್ನು ಬಿಚ್ಚಿ, ಸಣ್ಣ ಮರದ ಡಬ್ಬಿಯಲ್ಲಿ ಕೂರಿಸಿ, ಕಲ್ಲಮ್ಮನ ನಡುಮನೆಯ ಗೋಡೆಗೆ ಹೊಡೆದ. ಅಲ್ಲಿಂದ ಹೆಂಚಿನ ಮೇಲೆ ಹಾಯಿಸಿದ ವೈರು ನಾಲ್ಕು ಮನೆ ದಾಟಿ ತನ್ನ ಮನೆಗೆ ಬಂತು. ಅಡಿಗೆಮನೆಯ ಗೂಡಿನಲ್ಲಿ ಆಂಪ್ಲಿಫೈಯರು, ಅದಕ್ಕೊಂದು ಪುಟ್ಟ ಸ್ಪೀಕರು, ಕರೆಂಟ್ ಹೋದರೆ ಇರಲಿ ಎಂದು ಕಾರಿನ ಬ್ಯಾಟರಿ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳುತ್ತಿತ್ತು.

ಕಲ್ಲಮ್ಮ ಮೊದಲು ಒಪ್ಪಲಿಲ್ಲ.

“ಇಪ್ಪತ್ನಾಕು ತಾಸೂ ನನ್ನ ಬಾಯಿ ಮುಂದೆ ಕಿವಿ ಇಟ್ಕೊಂಡು ಕೂರ್ತೀಯೇನೋ? ನಾನೇನು ಕಳ್ಳೀನಾ?”

“ಹಂಗಲ್ಲ ದೊಡ್ಡಮ್ಮ. ಇಲ್ಲಿ ಬಟನ್ ಐತೆ ನೋಡು. ಇದನ್ನ ಒತ್ತಿದ್ರೆ ಮಾತ್ರ ನಮಗೆ ಕೇಳೋದು. ಒತ್ತಲಿಲ್ಲ ಅಂದ್ರೆ ಡಬ್ಬಿ ಸತ್ತಂಗೆ.”

ಡಬ್ಬಿಯ ಕೆಳಗೆ ಕರೆಗಂಟೆಯ ಬಿಳಿ ಬಟನ್ನೊಂದು ಇತ್ತು. ಕಲ್ಲಮ್ಮ ಅದನ್ನು ಮುಟ್ಟಿ ನೋಡಿ, ಹಾಗಾದರೆ ಸರಿ ಎಂದಳು. ಆ ಬಟನ್ನಿಗೆ ವೈರೇ ಇರಲಿಲ್ಲ. ಮೈಕು ಹಗಲೂ ರಾತ್ರಿ ಜೀವಂತ. ಪ್ರೇಮಮ್ಮ ಮನೆಗೆ ಬಂದು ಕೇಳಿದಳು:

“ಯಾಕ್ರಿ ಹಂಗೆ ಸುಳ್ಳು ಹೇಳಿದ್ರಿ?”

“ಬಚ್ಚಲಾಗೆ ಬಿದ್ದೋಳು ನಡುಮನಿಗೆ ಎದ್ದು ಬಂದು ಬಟನ್ ಒತ್ತುತಾಳೇನೆ? ನಿಜ ಹೇಳಿದ್ರೆ ಡಬ್ಬಿ ಕಿತ್ತು ಬೀದಿಗೆ ಎಸೀತಾಳೆ.”

ಮಾತು ಸರಿಯಾಗಿಯೇ ಇತ್ತು. ತಪ್ಪು ಕೆಲಸಕ್ಕೆ ಸರಿಯಾದ ಕಾರಣ ಸಿಕ್ಕಿದರೆ ಮನುಷ್ಯ ನಿದ್ದೆಯನ್ನೂ ಚೆನ್ನಾಗಿ ಮಾಡುತ್ತಾನೆ. ಹೋಟೆಲಿನಲ್ಲಿ ಮಲ್ಲೇಶಪ್ಪನೇ, “ಪರವಾಗಿಲ್ಲ ಕಣೋ, ತಲೆ ಐತೆ ನಿಂಗೆ” ಎಂದು ಒಂದು ಚಾ ಬಿಟ್ಟಿ ಕೊಟ್ಟ.

ಮೊದಲ ಕೆಲವು ದಿನ ಚೆನ್ನಾಗಿಯೇ ಇತ್ತು. ಪೊರಕೆಯ ಸದ್ದು, ರೊಟ್ಟಿ ತಟ್ಟುವ ಸದ್ದು, ಬೆಕ್ಕಿಗೆ ಬೈಯುವುದು. ಪ್ರೇಮಮ್ಮ ಒಲೆ ಮುಂದೆ ಕೂತು, ಅತ್ತೆ ಎದ್ದರು, ಅತ್ತೆ ಉಂಡರು ಎಂದು ಸಮಾಧಾನ ಪಡುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ ಕಲ್ಲಮ್ಮ ಪೂಜೆಗೆ ಕೂತದ್ದು ಕೇಳಿಸಿತು. ಕೊರಳ ಕರಡಿಗೆ ಬಿಚ್ಚಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ನೋಡುತ್ತಾ ಮಾತಾಡುವುದು ಅವಳ ರೂಢಿ. ಮಂತ್ರ ಅವಳಿಗೆ ಹೆಚ್ಚು ಬರುತ್ತಿರಲಿಲ್ಲ. ಮನೆಯ ಸುದ್ದಿಯನ್ನೇ ಹೇಳುತ್ತಿದ್ದಳು.

“ಶಿವಾ, ಇವತ್ತೂ ಹಾಸಿಗೆ ಒದ್ದೆ ಆತು ಕಣಪ್ಪ. ಗೊತ್ತೇ ಆಗಲ್ಲ. ಇಂಥ ಮೈ ಇಟ್ಕೊಂಡು ನಿನ್ನ ಕೈಯಾಗೆ ಹಿಡೀತೀನಿ, ಸಿಟ್ಟಾಗಬ್ಯಾಡ, ಎಲ್ಡು ಸಲ ತೊಳ್ಕೊಂಡೀನಿ. ಅಲ್ಲೇ ಇದ್ದಿದ್ರೆ ಪ್ರೇಮ ತೊಳೀಬೇಕಾಗಿತ್ತು. ಮುಖ ಕಿವಿಚೋಳಲ್ಲ ಆ ಹುಡುಗಿ. ಕಿವಿಚಿದ್ರೆ ಬೈದಾದ್ರೂ ಇರ್ತಿದ್ದೆ. ಸುಮ್ನೆ ತೊಳೀತಾಳಲ್ಲ, ಅದು ನಂಗೆ ತಡಿಯಾಕೆ ಆಗಲ್ಲ. ಮೆತ್ತನ ಅರಿವೆ ಒಂದಿಷ್ಟು ಇದ್ರೆ ಹೆಂಗೋ ಆಗ್ತಿತ್ತು.”

ಪ್ರೇಮಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಎರಡು ವರ್ಷದ ಗುಟ್ಟು ಇದು! ತನ್ನ ಮೇಲೆ ಸಿಟ್ಟಲ್ಲ ಎಂದು ಅವಳ ಮನಸ್ಸು ಹಗುರಾಯಿತು. ಹಗುರಾದದ್ದಕ್ಕೇ ನಾಚಿಕೆಯೂ ಆಯಿತು. ಬೇರೆಯವರ ಬಚ್ಚಲ ಬಾಗಿಲು ತಳ್ಳಿ ಒಳಗೆ ನೋಡಿದ ಹಾಗೆ ಅನ್ನಿಸಿತು. ಗಂಡನಿಗೆ ಹೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆದರೂ ಅಳುತ್ತಾ ಕೂರುವುದಕ್ಕಿಂತ ಏನಾದರೂ ಮಾಡುವುದು ಮೇಲು ಎಂದು ತನ್ನ ಹಳೆಯ ಹತ್ತಿ ಸೀರೆಗಳನ್ನು ಹರಿದು, ಒಗೆದು, ಮಡಿಚಿ ಮಧ್ಯಾಹ್ನವೇ ಕೊಟ್ಟು ಬಂದಳು. “ಒರೆಸಾಕೆ ಗಿರೆಸಾಕೆ ಇರ್ಲಿ ಅತ್ತಿ” ಎಂದಳು. ಕಲ್ಲಮ್ಮ ಆ ಗಂಟನ್ನು ಬಿಚ್ಚಿ ಒಂದೊಂದೇ ಅರಿವೆ ಮುಟ್ಟಿ ನೋಡಿದಳು. ಮರುದಿನ ಬೆಳಿಗ್ಗೆ ಸ್ಪೀಕರಿನಲ್ಲಿ ಅವಳು ನಗುವುದು ಕೇಳಿಸಿತು.

“ಕೇಳಿಸ್ತಲ್ಲಪ್ಪ ನಿಂಗೆ! ಐವತ್ತು ವರ್ಷ ಹೇಳಿ ಹೇಳಿ ಇಟ್ಟೆ, ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ಈಗ ಬೆಳಿಗ್ಗೆ ಅಂದ್ರೆ ಮಧ್ಯಾಹ್ನಕ್ಕೆ ಕಳಿಸ್ತೀಯಲ್ಲ.”

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಎಳೆ ಹೀರೇಕಾಯಿ ಪಲ್ಯ ತಿನ್ನಬೇಕು ಅನ್ನಿಸಿದೆ ಎಂದು ಅವಳು ಲಿಂಗಕ್ಕೆ ಹೇಳಿದಳು. ಹೀರೇಕಾಯಿ ಪಲ್ಯ ಹೋಯಿತು. ಗಾರಿಗೆ ತಿಂದು ಎಷ್ಟು ಕಾಲವಾಯಿತೋ ಎಂದಳು, ಗಾರಿಗೆ ಹೋಯಿತು. ಕನ್ನಡಕದ ಕಡ್ಡಿ ಸಡಿಲ ಎಂದಳು. ಷಣ್ಮುಖಪ್ಪ ಸುಮ್ಮನೆ ಬಂದವನಂತೆ ಬಂದು ಬಿಗಿದು ಹೋದ. ಇಷ್ಟು ಖುಷಿಯಾಗಿ ಅವನು ದೊಡ್ಡಮ್ಮನನ್ನು ಯಾವತ್ತೂ ನೋಡಿಕೊಂಡಿರಲಿಲ್ಲ. ಬೇಡುವವರ ಮುಖ ನೋಡದೆ ಕೊಡುವುದರಲ್ಲಿ ಒಂದು ಸುಖವಿದೆ. ಶಿವನಿಗೂ ಹೀಗೇ ಇರಬಹುದು ಎಂದು ಒಮ್ಮೆ ಹೆಂಡತಿಗೆ ಹೇಳಿ ನಕ್ಕ. ಅವಳು ನಗಲಿಲ್ಲ.

ಕಲ್ಲಮ್ಮನ ಬಾಯಲ್ಲಿ ಈ ಖುಷಿ ನಿಲ್ಲಲಿಲ್ಲ. ನೀರಿಗೆ ಹೋದಲ್ಲಿ, ಹೂ ಮಾರುವವಳ ಹತ್ತಿರ, “ನನ್ನ ಲಿಂಗ ಕಿವಿ ಬಿಟ್ಟೈತೆ ಕಣ್ರೇ” ಎಂದು ಹೇಳಿಕೊಂಡಳು. ಒಬ್ಬಿಬ್ಬರು ನಕ್ಕರು. ಮಿಕ್ಕವರು ಸಂಜೆ ಹೊತ್ತು ಒಬ್ಬೊಬ್ಬರೇ ಬರತೊಡಗಿದರು: ನನ್ನ ಮಗಳಿಗೆ ಗಂಡು ಕೂಡಿ ಬರಲಿ ಅಂತ ಲಿಂಗಕ್ಕೆ ಹೇಳಜ್ಜಿ, ನಮ್ಮ ಎಮ್ಮೆ ಗಬ್ಬ ನಿಲ್ಲಲಿ ಅಂತ ಹೇಳಜ್ಜಿ. ಅವರಲ್ಲೊಬ್ಬಳು ಗೋಡೆ ಕಡೆ ನೋಡಿ ಅಂದದ್ದು ಅಡಿಗೆಮನೆಯಲ್ಲಿ ಇಬ್ಬರಿಗೂ ಕೇಳಿಸಿತು:

“ಅಜ್ಜಿ, ಆ ಡಬ್ಬಿ ಕೇಳಿಸ್ಕೊಂಡು ಹೇಳ್ತಿರಬೇಕು ನೋಡು.”

“ಥೂ, ಬಟನ್ ಒತ್ತಿದ್ರೆ ಮಾತ್ರ ಅದಕ್ಕೆ ಕಿವಿ. ನಾನು ಒಂದಿನಾನೂ ಒತ್ತಿಲ್ಲ. ನಮ್ಮ ಷಣ್ಮುಕ ಕೂಗುಮಾರಿ ಇರಬೌದು, ಸುಳ್ಳುಗಾರ ಅಲ್ಲ. ನನ್ನ ಕೈಯಾಗೆ ಬೆಳದೋನು.”

ಪ್ರೇಮಮ್ಮ ಗಂಡನ ಕಡೆ ನೋಡಿದಳು. ಅವನು ಆಂಪ್ಲಿಫೈಯರಿನ ಧೂಳು ಒರೆಸುವ ನೆಪದಲ್ಲಿ ಬೆನ್ನು ತಿರುಗಿಸಿದ.

ಅನ್ನಪೂರ್ಣಮ್ಮ ಬಂದದ್ದು ಆಮೇಲೆ. ಅವಳ ಮಗಳನ್ನು ಜಗಳೂರಿಗೆ ಕೊಟ್ಟಿತ್ತು. ಅಳಿಯನದು ಅಲ್ಲಿ ಕಿರಾಣಿ ಅಂಗಡಿ. ಮಗಳು ತವರಿಗೆ ಬಂದು ಎರಡು ತಿಂಗಳಾಗಿತ್ತು. ಮೈ ಸರಿಯಿಲ್ಲ, ಆರಾಮಾಗಲಿ ಎಂದು ಕರೆಸಿಕೊಂಡಿದ್ದೇವೆ ಎಂದು ಅನ್ನಪೂರ್ಣಮ್ಮ ಓಣಿಗೆಲ್ಲ ಹೇಳಿದ್ದಳು. ಅವತ್ತು ಅವಳು ಕಲ್ಲಮ್ಮನ ಮನೆಯ ಬಾಗಿಲು ಹಾಕಿಕೊಂಡದ್ದು ಸ್ಪೀಕರಿನಲ್ಲಿ ಕೇಳಿಸಿತು. ಅಗುಳಿ ಬಿದ್ದ ಸದ್ದಿಗೆ ಪ್ರೇಮಮ್ಮ ಎದ್ದು ಆಂಪ್ಲಿಫೈಯರಿನ ಗುಂಡಿಯ ಮೇಲೆ ಕೈ ಇಟ್ಟಳು. ಆರಿಸಬೇಕು ಎಂದುಕೊಂಡಳು. ಆರಿಸಲಿಲ್ಲ. ಆ ಕೈಯನ್ನು ಆಮೇಲೆ ಎಷ್ಟು ಸಲ ಶಪಿಸಿಕೊಂಡಳೋ.

“ಬಾಯಿ ಬಿಟ್ಟು ಹೇಳು ಅನ್ನಪೂರ್ಣ. ಇಲ್ಲಿ ನಾನೂ ಶಿವನೂ ಇಬ್ಬರೇ.”

“ಅಳಿಯ ಬೆಲ್ಟ್ ತಗೊಂಡು ಹೊಡೀತಾನೆ ಕಲ್ಲಕ್ಕ. ಬೆನ್ನೆಲ್ಲಾ ಬಾಸುಂಡೆ, ಕಲೆ ಇನ್ನೂ ಹೋಗಿಲ್ಲ. ನಮ್ಮ ಯಜಮಾನ್ರಿಗೂ ತೋರ್ಸಿಲ್ಲ, ತೋರ್ಸಿದ್ರೆ ಕಡಿಯಾಕೆ ಹೋಗ್ತಾರೆ. ಅವನ ಕೈ ಇಳೀಲಿ, ತಾನಾಗಿ ಬಂದು ಮರ್ಯಾದೆಯಿಂದ ಕರ್ಕೊಂಡು ಹೋಗ್ಲಿ, ಅಷ್ಟು ಕೇಳು. ನಿನ್ನ ಲಿಂಗ ಬಿಟ್ಟು ಇನ್ನೊಂದು ನರಪಿಳ್ಳೆಗೆ ಗೊತ್ತಾಗಬಾರ್ದು.”

ಹೊಡೆಯುವವನ ಮನೆಗೇ ಮಗಳನ್ನು ವಾಪಸು ಕಳಿಸು ಎಂದು ದೇವರನ್ನು ಕೇಳುವುದು ಯಾವ ನ್ಯಾಯ ಎಂದು ನನ್ನನ್ನು ಕೇಳಬೇಡಿ. ಆಗ ಹಾಗೇ ಕೇಳುತ್ತಿದ್ದರು. ಮಾರನೇ ಬೆಳಿಗ್ಗೆ ಕಲ್ಲಮ್ಮ ಲಿಂಗದ ಮುಂದೆ ಎಲ್ಲವನ್ನೂ ಹೇಳಿದಳು. “ನನ್ನನ್ನ ಬಚ್ಚಲಿಂದ ಎತ್ತಿದೋಳು ಅವಳು. ನನ್ನ ಗಾರಿಗೆ ಬ್ಯಾಡ, ಏನೂ ಬ್ಯಾಡ, ಇದೊಂದು ಮಾಡಿಕೊಡು” ಎಂದಳು.

ಪ್ರೇಮಮ್ಮ ಗಂಡನಿಗೆ ಹೇಳಿದಳು, “ಸಾಕ್ರಿ. ವೈರ್ ಕಿತ್ತು ಹಾಕ್ರಿ. ಇದು ನಮ್ಮ ಮನೆ ಮಾತಲ್ಲ.”

ಷಣ್ಮುಖಪ್ಪನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಅರಿವೆ ಕೊಟ್ಟಿದ್ದ, ಪಲ್ಯ ಕೊಟ್ಟಿದ್ದ, ಕನ್ನಡಕ ಬಿಗಿದಿದ್ದ. ಇದನ್ನೂ ಯಾಕೆ ಮಾಡಬಾರದು? ದೊಡ್ಡಮ್ಮ ಮೊದಲ ಸಲ ತನಗೇನೂ ಬೇಡ ಎಂದು ಬೇರೆಯವರಿಗೆ ಬೇಡಿದ್ದಾಳೆ; ಅದು ಆಗದಿದ್ದರೆ ಅವಳ ಶಿವನಿಗೆ ಕೆಟ್ಟ ಹೆಸರು. ಎರಡು ದಿನ ಬಿಟ್ಟು, ದಾವಣಗೆರೆಗೆ ವಾಲ್ವು ತರಲು ಹೋಗುತ್ತೇನೆ ಎಂದು ಹೆಂಡತಿಗೆ ಹೇಳಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರಿಗೆ ಹೋದ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅಳಿಯ ತೊಗರಿಬೇಳೆ ತೂಗುತ್ತಿದ್ದ. ನ್ಯಾಮತಿಯ ಮೈಕ್‌ಸೆಟ್ ಷಣ್ಮುಖಪ್ಪ ಎಂದ ಕೂಡಲೇ ಸ್ಟೂಲು ಹಾಕಿಸಿದ, ಸೋಡಾ ತರಿಸಿದ. ಮಾತು ಒಳ್ಳೆಯ ರೀತಿಯಲ್ಲೇ ಶುರುವಾಯಿತು. ಆದರೆ ಷಣ್ಮುಖಪ್ಪನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವೆಲ್ಲಿ? ಬೇಗ ಮುಗಿಸುವ ಆತುರ ಬೇರೆ.

“ಏನೇ ಇರ್ಲಿ, ಹೆಣ್ಣುಮಕ್ಳ ಮ್ಯಾಲೆ ಬೆಲ್ಟ್ ಎತ್ತಬಾರ್ದ್ರಿ” ಎಂದುಬಿಟ್ಟ.

ಗಿರಾಕಿಗಳು ತಿರುಗಿ ನೋಡಿದರು. ಅಳಿಯ ತಕ್ಕಡಿ ಕೆಳಗಿಟ್ಟ.

“ಬೆಲ್ಟಿಂದು ನಿಮ್ಗೆ ಯಾರು ಹೇಳಿದ್ರು?”

ಸುತ್ತ ಹತ್ತೂರಿಗೆ ಕೇಳುವಂತೆ ಮಾತಾಡುವವನು ಸೋಡಾ ಬಾಟಲಿಯ ತಳ ನೋಡತೊಡಗಿದ.

“ಮೈಕ್‌ಸೆಟ್ನೋರಿಗೂ ಗೊತ್ತಾಗೈತೆ ಅಂದ್ರೆ ನಮ್ಮತ್ತಿ ಊರ ತುಂಬಾ ಡಂಗುರ ಹೊಡೆಸಿದಾರೆ ಅಂತಾತು. ಹೋಗ್ರಿ, ಮಗಳನ್ನ ಅಲ್ಲೇ ಇಟ್ಕೊಳ್ಳಾಕೆ ಹೇಳ್ರಿ.”

ಆ ವಾರದೊಳಗೆ ಜಗಳೂರಿನಿಂದ ಒಬ್ಬ ಆಳು ಬಂದ. ಮಗಳ ಟ್ರಂಕನ್ನು ಅನ್ನಪೂರ್ಣಮ್ಮನ ಮನೆಯ ಜಗುಲಿಯ ಮೇಲೆ ಇಳಿಸಿ, “ಇನ್ನು ಕಳಿಸೋದು ಬ್ಯಾಡಂತೆ. ನಿಮ್ಮ ಮೈಕಿನ ಷಣ್ಮುಖಪ್ಪನೋರು ಬಂದು ಅಂಗಡಿಯಾಗೆ ನಾಕು ಜನದ ಮುಂದೆ ಮಾನ ತೆಗೆದು ಹೋದ್ರಂತೆ” ಎಂದು ಹೇಳಿ ಅದೇ ಬಸ್ಸಿಗೆ ವಾಪಸಾದ. ಹಗಲು ಹೊತ್ತು. ಓಣಿಯೆಲ್ಲ ಬಾಗಿಲಿಗೆ ಬಂದು ಟ್ರಂಕು ನೋಡಿತು.

ಅನ್ನಪೂರ್ಣಮ್ಮ ಸೀದಾ ಕಲ್ಲಮ್ಮನ ಮನೆಗೆ ಬಂದಳು. ಪ್ರೇಮಮ್ಮ ಸ್ಪೀಕರಿನ ಮುಂದೆ ಕೂತಿದ್ದಳು. ಷಣ್ಮುಖಪ್ಪ ಊಟಕ್ಕೆ ಕೂತಿದ್ದ.

“ನಿನ್ನ ಲಿಂಗಕ್ಕೆ ಅಂತ ಹೇಳಿದ್ನಲ್ಲೇ ಕಲ್ಲಕ್ಕ. ನಿನ್ನ ಮಗನಿಗೆ ಯಾಕೆ ಹೇಳ್ದೆ?”

“ನಾನು ಶಿವನಿಗೆ ಬಿಟ್ಟು ಇನ್ನೊಬ್ರಿಗೆ ಹೇಳಿಲ್ಲ ಕಣೇ. ಕೈಯಾಗೆ ಲಿಂಗ ಹಿಡಿದು ಹೇಳ್ತೀನಿ.”

“ಹಂಗಾರೆ ಶಿವ ಬಂದು ಷಣ್ಮುಖಪ್ಪನ ಕಿವಿಯಾಗೆ ಹೇಳಿ ಹೋದ್ನಾ?”

ಆಗ ಒಂದು ಟಕ್ ಸದ್ದು ಕೇಳಿಸಿತು. ಕಲ್ಲಮ್ಮ ಬಟನ್ ಒತ್ತಿದ್ದಳು, ಮೊದಲ ಸಲ. ಡಬ್ಬಿಯ ಹತ್ತಿರಕ್ಕೆ ಬಾಯಿ ತಂದು, ದೂರದವರನ್ನು ಕರೆಯುವಂತೆ ಕೂಗಿದಳು: “ಷಣ್ಮುಕಾ! ಕೇಳ್ತೈತೇನೋ? ಸ್ವಲ್ಪ ಬಂದು ಹೋಗಪ್ಪ.”

ಷಣ್ಮುಖಪ್ಪ ಕೈ ತೊಳೆದು ಹೋದ. ದಾರಿಯುದ್ದಕ್ಕೂ ನಿಜ ಹೇಳಬೇಕು ಎಂದುಕೊಂಡೇ ಹೋದ. ಒಳಗೆ ಕಾಲಿಟ್ಟರೆ ಕಲ್ಲಮ್ಮ ಅವನ ಮುಂಗೈ ಹಿಡಿದುಕೊಂಡು, “ಹೇಳೋ, ನಾನು ನಿಂಗೆ ಏನಾರ ಹೇಳಿದ್ನೇನೋ? ಹೇಳು ಇವಳಿಗೆ” ಎಂದಳು. ಆ ಮುಖದಲ್ಲಿ ಅವನ ಮೇಲೆ ಎಷ್ಟು ಭರವಸೆ ಇತ್ತೆಂದರೆ ಅವನಿಗೆ ನಿಜ ಹೇಳಲು ಬಾಯಿ ಬರಲಿಲ್ಲ.

“ದೊಡ್ಡಮ್ಮ ಹೇಳಿಲ್ಲ. ನಂಗೆ... ಜಗಳೂರಾಗೇ ಯಾರೋ ಅಂದ್ರು.”

“ಯಾರು?”

“ಬಸ್‌ಸ್ಟ್ಯಾಂಡಾಗೆ. ಹೆಸರು ಗೊತ್ತಿಲ್ಲ.”

ಅನ್ನಪೂರ್ಣಮ್ಮ ಅವನನ್ನು ನೋಡಿದಳು, ಕಲ್ಲಮ್ಮನನ್ನು ನೋಡಿದಳು. “ಮಗನಿಗೆ ಸುಳ್ಳೂ ಕಲಿಸಿಕೊಟ್ಟೀಯ” ಎಂದು ಹೇಳಿ ಹೊರಟುಹೋದಳು.

ಅವತ್ತಿನಿಂದ ಕಲ್ಲಮ್ಮನ ಮನೆಗೆ ಯಾರೂ ಬರಲಿಲ್ಲ. ಅವಳು ನೀರಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಲಿಂಗದ ಹೆಸರು ಹೇಳಿ ಮನೆಮನೆಯ ಗುಟ್ಟು ತೆಗೆಯುತ್ತಾಳೆ ಮುದುಕಿ ಎಂದು ಹೂ ಮಾರುವವಳು ಅವಳಿಗೆ ಕೇಳುವಂತೆಯೇ ಅಂದಳು. ಹುಟ್ಟಿದ ಮೇಲೆ ಇನ್ನೊಬ್ಬರ ಮಾತು ಆಚೆ ಹಾಕಿದವಳಲ್ಲ ಅವಳು. ಸತ್ಯ ಹೇಳುವುದಾದರೆ ನಮ್ಮ ಓಣಿಯಲ್ಲಿ ಗುಟ್ಟು ಉಳಿಸಿಕೊಂಡಿದ್ದ ಬಾಯಿ ಅದೊಂದೇ. ತನ್ನ ಖುಷಿಯನ್ನು ಬಿಟ್ಟು ಮತ್ತೇನನ್ನೂ ಅದು ಊರಿಗೆ ಹೇಳಿರಲಿಲ್ಲ.

ಆ ಮಾತು ಕೇಳಿದ ಮರುದಿನ ಬೆಳಿಗ್ಗೆ ಸ್ಪೀಕರಿನಲ್ಲಿ ಕಲ್ಲಮ್ಮನ ದನಿ ಬಂತು. ಅಳು ಇರಲಿಲ್ಲ. ಜಗಳಕ್ಕೆ ನಿಂತವಳ ದನಿ.

“ನನ್ನ ಬಾಯಿಂದ ಹೋಗಿಲ್ಲ ಅನ್ನೋದು ನಿಂಗೊಬ್ಬನಿಗೆ ಗೊತ್ತು. ನಾನು ಹೇಳಿದ್ದು ನಿಂಗೆ, ಕೇಳಿಸ್ಕೊಂಡಿದ್ದು ನೀನು. ಈಗ ಸುಮ್ನೆ ಕೂತ್ರೆ ಆಗಲ್ಲ. ಹೋಗು, ಅನ್ನಪೂರ್ಣನಿಗೆ ನೀನೇ ಹೇಳು, ಕಲ್ಲಮ್ಮ ಹೇಳಿಲ್ಲ ಅಂತ. ಅಲ್ಲೀತನಕ ಒಂದು ಅಗುಳು ಬಾಯಿಗೆ ಹಾಕ್ಕೊಳ್ಳಲ್ಲ.”

ಷಣ್ಮುಖಪ್ಪ ಹಲ್ಲುಜ್ಜುತ್ತಾ ನಿಂತವನು ಅಲ್ಲೇ ಕುಕ್ಕರಿಸಿದ. ಅವಳು ಶಿವನಿಗೆ ಹೇಳಿದ ಒಂದೊಂದು ಅಕ್ಷರವೂ ತನ್ನ ಎದೆಗೇ ಬಂದು ಬಿತ್ತು.

“ಎದ್ದು ಹೋಗ್ರಿ” ಎಂದಳು ಪ್ರೇಮಮ್ಮ.

“ಹೋದ್ರೆ ಊರಿಗೆಲ್ಲಾ ಗೊತ್ತಾಗ್ತೈತೆ ಕಣೇ. ಕದ್ದು ಕೇಳೋನು ಅಂತ. ಇನ್ನು ಯಾರು ತಮ್ಮ ಮನಿಯಾಗೆ ನನ್ನ ವೈರು ಎಳೆಸ್ತಾರೆ? ಎರಡು ದಿನ ನೋಡಾಣ, ಹಸಿವಾದ್ರೆ ತಾನೇ ಉಣ್ತಾಳೆ.”

ಉಣ್ಣಲಿಲ್ಲ. ಪ್ರೇಮಮ್ಮ ಒಯ್ದ ಊಟ ಹಾಗೇ ವಾಪಸು ಬಂತು. ಮೈ ಹುಷಾರಿಲ್ಲವೇ ಎಂದರೆ, ಒಂದು ವ್ರತ ಹಿಡಿದೀನಿ ಎಂದಳು. ಷಣ್ಮುಖಪ್ಪ ಸ್ಪೀಕರಿನ ಹತ್ತಿರವೇ ಕೂತಿರುತ್ತಿದ್ದ. ರೊಟ್ಟಿ ತಟ್ಟುವ ಸದ್ದಿಲ್ಲ. ಬೆಕ್ಕಿಗೆ ಬೈಯುವ ಸದ್ದಿಲ್ಲ. ಸ್ಪೀಕರೇ ಮೈಕಾಗಬಲ್ಲದು, ಮೈಕೇ ಸ್ಪೀಕರಾಗಬಲ್ಲದು ಎಂಬುದು ಅವನ ಕಸುಬಿನವರಿಗೆಲ್ಲ ಗೊತ್ತು. ವೈರು ಅದಲು ಬದಲು ಮಾಡಿ, ‘ಊಟ ಮಾಡು ಕಲ್ಲಮ್ಮ’ ಎಂದು ಗಂಭೀರವಾಗಿ ಒಂದು ಮಾತು ಅಂದರೆ ಮುಗಿಯಿತಲ್ಲ ಎಂದೂ ಯೋಚಿಸಿದ. ವೈರು ಕೈಗೆತ್ತಿಕೊಂಡ ಕೂಡ. ಪ್ರೇಮಮ್ಮ ಅದನ್ನು ಕಂಡು, “ಥೂ ನಿಮ್ಮ” ಎಂದವಳು ಮುಂದಿನ ಮಾತು ಆಡಲಿಲ್ಲ. ಮದುವೆಯಾದಾಗಿನಿಂದ ಅವಳು ಗಂಡನಿಗೆ ಹಾಗೆ ಅಂದದ್ದಿಲ್ಲ. ಅವನು ವೈರು ಕೆಳಗಿಟ್ಟ.

ಮೂರನೇ ಬೆಳಿಗ್ಗೆ ಪೂಜೆಯ ಹೊತ್ತಿಗೆ ದನಿ ಎಷ್ಟು ಇಳಿದಿತ್ತೆಂದರೆ ವಾಲ್ಯೂಮು ಪೂರ್ತಿ ತಿರುಗಿಸಬೇಕಾಯಿತು.

“ಹೇಳಲಿಲ್ಲ ಅಲ್ವಾ ನೀನು. ಇರ್ಲಿ. ನಿಂಗೇನು ಕಷ್ಟ ಐತೋ.”

ಷಣ್ಮುಖಪ್ಪ ಚಪ್ಪಲಿ ಹಾಕಿಕೊಳ್ಳದೆ ಓಡಿದ.

ಅನ್ನಪೂರ್ಣಮ್ಮನ ಅಂಗಳದಲ್ಲಿ ನಿಂತು, ಬಟನ್ನಿನಿಂದ ಹಿಡಿದು ಜಗಳೂರಿನವರೆಗೆ ಎಲ್ಲ ಹೇಳಿದ. ಅವಳ ಮಗಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಆ ಹುಡುಗಿಯ ಬೆನ್ನಿನ ಸುದ್ದಿ ತನಗೆ ಗೊತ್ತು ಎಂಬುದು ಅವಳಿಗೆ ಈಗ ಗೊತ್ತಾಯಿತು ಎಂದು ಹೊಳೆದಾಗ ಅವನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಅನ್ನಪೂರ್ಣಮ್ಮ ಉಗಿಯಲಿಲ್ಲ, ಬೈಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, “ಮೊದ್ಲು ಆ ಮುದುಕಿ ಬದುಕ್ಲಿ, ನಡೀರಿ” ಎಂದಳು.

ಕಲ್ಲಮ್ಮ ಗೋಡೆಗೆ ಒರಗಿ ಕೂತಿದ್ದಳು. ಪ್ರೇಮಮ್ಮ ಆಗಲೇ ಗಂಜಿ ತಂದು ಪಕ್ಕದಲ್ಲಿ ಕೂತಿದ್ದಳು. ಅನ್ನಪೂರ್ಣಮ್ಮ ಹೋಗಿ ಅವಳ ಕೈ ಹಿಡಿದಳು.

“ತಪ್ಪಾತು ಕಲ್ಲಕ್ಕ. ನೀನು ಹೇಳಿಲ್ಲ. ನಂಗೆ ಗೊತ್ತಾತು, ಉಣ್ಣು.”

ಕಲ್ಲಮ್ಮನ ಮುಖ ಅರಳಿದ್ದನ್ನು ಏನೆಂದು ಹೇಳಲಿ.

“ಬಂದಿದ್ನಾ? ಶಿವ ಬಂದು ಹೇಳಿದ್ನಾ ನಿಂಗೆ?”

ಹೌದು ಅಂದುಬಿಡಲಿ, ಹೌದು ಅಂದುಬಿಡಲಿ ಎಂದು ಷಣ್ಮುಖಪ್ಪ ಒಳಗೊಳಗೇ ಬೇಡಿಕೊಂಡ. ಹಾಗೆ ಬೇಡುತ್ತಿದ್ದೇನೆ ಎಂದು ಅರಿವಾಗಿ ಮತ್ತಷ್ಟು ಕುಗ್ಗಿದ. ಅನ್ನಪೂರ್ಣಮ್ಮ ಅವನ ಕಡೆ ತಿರುಗಿದಳು.

“ಹೇಳಿದೋನು ಇಲ್ಲೇ ನಿಂತಾನೆ. ಅವನನ್ನೇ ಕೇಳು.”

ಅವನು ಹೇಳಿದ. ತಲೆ ಎತ್ತದೆ ಹೇಳಿದ. ಕಲ್ಲಮ್ಮ ಗೋಡೆಯ ಡಬ್ಬಿಯನ್ನು ನೋಡಿದಳು.

“ಬಟನ್ ಒತ್ತಿರ್ಲಿಲ್ಲವಲ್ಲೋ ನಾನು.”

“ಅದಕ್ಕೆ ವೈರೇ ಕೊಟ್ಟಿಲ್ಲ ದೊಡ್ಡಮ್ಮ.”

“ಗಾರಿಗೆ?”

“ಪ್ರೇಮ ಕರಿದಿದ್ದು.”

“ಹೀರೇಕಾಯಿ?”

“ಅದೂ.”

ಅವಳು ತೀರಾ ಸಣ್ಣ ದನಿಯಲ್ಲಿ ಕೇಳಿದಳು: “ಅರಿವೇದು? ಹಾಸಿಗೇದು?”

ಅವನು ಪ್ರೇಮಮ್ಮನ ಕಡೆ ನೋಡಿದ. ಅದೇ ಉತ್ತರವಾಯಿತು.

ಕಲ್ಲಮ್ಮ ನಿಧಾನವಾಗಿ ಸೆರಗು ಎಳೆದು ತಲೆಗೆ ಹೊದ್ದಳು. ಇನ್ನೂ ಎಳೆದು ಮುಖ ಮುಚ್ಚುವಷ್ಟು ಇಳಿಸಿಕೊಂಡಳು. ಹೊರಗಿನ ಗಂಡಸರು ಬಂದರೆ ಮಾಡುತ್ತಿದ್ದ ಹಾಗೆ. ಕೈ ಚಾಚಿ ಗಂಜಿಯ ಬಟ್ಟಲು ತೆಗೆದುಕೊಂಡು, ಗೋಡೆಯ ಕಡೆ ತಿರುಗಿ, ಎಲ್ಲರಿಗೂ ಬೆನ್ನು ಹಾಕಿ ಕುಡಿದಳು. ಪ್ರೇಮಮ್ಮ ಅಳುತ್ತಿದ್ದಳು. ಷಣ್ಮುಖಪ್ಪ ಸ್ಟೂಲು ಹತ್ತಿ ಡಬ್ಬಿಯ ಮೊಳೆ ಕೀಳತೊಡಗಿದ; ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

“ದೊಡ್ಡಮ್ಮ, ಬೈಯವ್ವಾ. ಬೇಕಾದ್ರೆ ಹೊಡಿ” ಎಂದ.

ಬಟ್ಟಲು ಕೆಳಗಿಟ್ಟ ಸದ್ದಾಯಿತು. ಅವನು ಹುಟ್ಟಿದಾರಭ್ಯ ‘ಲೋ, ಷಣ್ಮುಕಾ’ ಎಂದು ಬಿಟ್ಟು ಬೇರೆ ಕರೆಯದಿದ್ದವಳು ಸೆರಗಿನ ಒಳಗಿಂದ ಹೇಳಿದಳು:

“ನಿಮ್ಮನ್ನ ನಾನು ಬೈಯೋದು ಏನೈತೆ ಷಣ್ಮುಕಪ್ಪನೋರೇ. ಇನ್ಮ್ಯಾಲೆ ನಂಗೇನಾರ ಬೇಕಾದ್ರೆ ಯಾರನ್ನ ಕೇಳ್ಲಿ, ಅದೊಂದು ಹೇಳಿ ಹೋಗ್ರಿ.”